ಒಂಬತ್ತು ನಿಮಿಷದ ನಿರಾಸೆ

ಚೌತಿ ಕಳೆದು ಮೂರು ದಿನವಾಗಿತ್ತು. 2024ರ ಸೆಪ್ಟೆಂಬರ್ 10, ಮಂಗಳವಾರ. ಅಂಗಡಿಯ ಬಾಗಿಲೆಳೆದು ಮನೆಗೆ ಬಂದಾಗ ರಾತ್ರಿ ಎಂಟೂವರೆ. ಚಾವಡಿಯಲ್ಲಿ ನನ್ನ ಮಗ ಮತ್ತು ಅವನ ಇಬ್ಬರು ಗೆಳೆಯರು ಒಂದು ಮೊಬೈಲಿನ ಸುತ್ತ ತಲೆಗೆ ತಲೆ ತಾಗಿಸಿ ಕುಳಿತಿದ್ದರು. ಎದುರಿಗೆ ತಟ್ಟೆ ತುಂಬ ಚಕ್ಕುಲಿ, ಯಾರೂ ಮುಟ್ಟಿರಲಿಲ್ಲ. ಹದಿನಾರರ ಮೂವರು ಹುಡುಗರು ಚಕ್ಕುಲಿ ಬಿಟ್ಟು ಕುಳಿತಿದ್ದಾರೆಂದರೆ ವಿಷಯ ಗಂಭೀರವೇ ಇರಬೇಕೆಂದು ನಾನು ಸದ್ದಿಲ್ಲದೆ ಕೈಕಾಲು ತೊಳೆಯಲು ಹೋದೆ. ಹಿಂದಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವರ ಮುಖವೂ ಕೊನೆಯ ಓವರಿನಲ್ಲಿ ಸೋತ ತಂಡದವರ ಹಾಗಿತ್ತು.

"ಎಂತ ಮಾರಾಯ, ಯಾರು ಔಟಾದದ್ದು?" ಎಂದೆ.

"ಏಳುನೂರು ಡಾಲರ್ ಅಂತೆ ಅಪ್ಪ. ಅದರಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ" ಎಂದ ಮಗ.

ಇಷ್ಟು ಹೇಳಿದರೆ ನಿಮಗೆ ಅರ್ಥವಾಗದು. ನನಗೂ ಅಂದು ಆಗಿರಲಿಲ್ಲ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಸಂತೆಕಟ್ಟೆಯಲ್ಲಿ ನನ್ನದೊಂದು ಟಿ.ವಿ. ರಿಪೇರಿ ಅಂಗಡಿ. ಬೋರ್ಡಿನಲ್ಲಿ ಟಿ.ವಿ. ಎಂದಿದೆಯಾದರೂ ಈಗ ಬರುವುದು ಹೆಚ್ಚಾಗಿ ಮಿಕ್ಸಿ, ಇನ್‌ವರ್ಟರ್, ಸಿಡಿಲಿಗೆ ಸುಟ್ಟ ಸೆಟ್‌ಟಾಪ್ ಬಾಕ್ಸು. ಮಗ ಹತ್ತನೆಯ ತರಗತಿಗೆ ಕಾಲಿಟ್ಟ ವರ್ಷ, ಎಲ್ಲ ಅಪ್ಪಂದಿರ ಹಾಗೆ ನಾನೂ ಒಂದು ಘೋಷಣೆ ಮಾಡಿದ್ದೆ: "ತೊಂಬತ್ತು ದಾಟಿಸು, ನಿನಗೆ ಪ್ಲೇಸ್ಟೇಷನ್ ತೆಗೆದುಕೊಡ್ತೇನೆ." ಅದಕ್ಕೆಂದೇ ದಿನಕ್ಕೆ ನೂರು ರೂಪಾಯಿಯ ಪಿಗ್ಮಿ ಕಟ್ಟತೊಡಗಿದೆ. ಪಿಗ್ಮಿ ನಮ್ಮೂರಿನದೇ ಕೂಸಲ್ಲವೇ? 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು, ದಿನಕ್ಕೆ ಎರಡಾಣೆ ಕಟ್ಟುವವರಿಗಾಗಿ ಆರಂಭಿಸಿದ್ದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮನೆ ಮನೆಗೆ, ಅಂಗಡಿ ಅಂಗಡಿಗೆ ಬಂದು ಹಣ ಒಯ್ಯುವ ಕ್ರಮ ಮಾತ್ರ ನಮ್ಮ ಸೊಸೈಟಿಗಳಲ್ಲಿ ಉಳಿದಿದೆ.

2024ರ ಮೇ 9ರಂದು ಫಲಿತಾಂಶ ಬಂತು. ಉಡುಪಿ ಜಿಲ್ಲೆ ರಾಜ್ಯಕ್ಕೇ ಪ್ರಥಮ. ನನ್ನ ಮಗನಿಗೆ ಶೇಕಡಾ 93. ಮನೆಯಲ್ಲಿ ಪಾಯಸವಾಯಿತು. ಆಗ ನಮ್ಮ ದೇಶದಲ್ಲಿ ಪ್ಲೇಸ್ಟೇಷನ್ 5ರ ಬೆಲೆ 54,990 ರೂಪಾಯಿ. ನನ್ನ ಪಿಗ್ಮಿಯಲ್ಲಿ ಸುಮಾರು ಮೂವತ್ತೈದು ಸಾವಿರ, ಮಗನ ಕೈಯಲ್ಲಿ ಹದಿನಾಲ್ಕು ಸಾವಿರ: ಮಸ್ಕತ್‌ನ ಮಾವ ಕೊಟ್ಟದ್ದು, ಹಬ್ಬಕ್ಕೆ ಅಜ್ಜಿ ಕೊಟ್ಟದ್ದು, ರಜೆಯಲ್ಲಿ ಅಂಗಡಿಯಲ್ಲಿ ಕುಳಿತದ್ದಕ್ಕೆ ನಾನು ಕೊಟ್ಟದ್ದು. ಉಳಿದದ್ದು ಹೇಗಾದರೂ ಆದೀತು ಎಂದುಕೊಂಡಿದ್ದೆ. ಅಷ್ಟರಲ್ಲಿ ಅವನೇ, "ಈಗ ಬೇಡ ಅಪ್ಪ. ವರ್ಷದೊಳಗೆ ಇದರದ್ದೇ ಹೊಸ ಮಾದರಿ ಬರ್ತದಂತೆ. ಕಾಯುವ" ಎಂದ. ಕಾಯುವುದೆಂದರೆ ಯಾವ ಅಪ್ಪನಿಗೂ ಸಂತೋಷವೇ.

ಆ ಹೊಸ ಮಾದರಿಯ ಘೋಷಣೆಯೇ ಅಂದು ರಾತ್ರಿ ನಡೆದದ್ದು. ಸೋನಿ ಕಂಪನಿಯ ಮಾರ್ಕ್ ಸರ್ನಿ ಎಂಬವರು ಸುಮಾರು ಒಂಬತ್ತು ನಿಮಿಷ ಮಾತಾಡಿ ಪ್ಲೇಸ್ಟೇಷನ್ 5 ಪ್ರೊ ಎಂಬುದನ್ನು ಜಗತ್ತಿಗೆ ತೋರಿಸಿದ್ದರು. ಬೆಲೆ 699.99 ಡಾಲರ್. ಡಿಸ್ಕ್ ಓದುವ ಡ್ರೈವ್ ಬೇಕಾದರೆ ಬೇರೆ 79.99 ಡಾಲರ್. ಯಂತ್ರವನ್ನು ಲಂಬವಾಗಿ ನಿಲ್ಲಿಸುವ ಸ್ಟ್ಯಾಂಡಿಗೆ ಮತ್ತೆ 29.99. ಮೂರನ್ನೂ ಕೂಡಿಸಿ ಅಂದಿನ ದರದಲ್ಲಿ ಗುಣಿಸಿದರೆ ಅರುವತ್ತೆಂಟು ಸಾವಿರ ರೂಪಾಯಿ. ನಮ್ಮ ಸುಂಕ, ತೆರಿಗೆ ಬೇರೆ.

ನಾನು ನಕ್ಕುಬಿಟ್ಟೆ. "ಅಷ್ಟೆಯಾ? ಊರಿಗೆ ಬೆಂಕಿ ಬಿದ್ದ ಹಾಗೆ ಕೂತಿದ್ದೀರಲ್ಲ! ಆಟದ ಸಾಮಾನಿಗೆ ಇಷ್ಟು ದುಃಖವಾ?" ಎಂದೆ. ಗೆಳೆಯರು ಮೆಲ್ಲನೆ ಚಪ್ಪಲಿ ಮೆಟ್ಟಿಕೊಂಡರು. ಮಗ ಊಟಕ್ಕೆ ಕುಳಿತರೂ ಮಾತಾಡಲಿಲ್ಲ.

ರಾತ್ರಿ ಮಲಗಿದಾಗ ಆ ನಗು ನನಗೇ ಎಲ್ಲೋ ಕೇಳಿದ ಹಾಗಾಯಿತು. ಹೌದು, ಅದು ನನ್ನ ಅಪ್ಪನ ನಗು.

1990ರ ದಶಕದ ನಡುವಿನ ಮಾತು. ಜಪಾನಿನಲ್ಲಿ 1983ರಲ್ಲಿ ನಿಂಟೆಂಡೊ ಕಂಪನಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ಅಗ್ಗದ ನಕಲುಗಳು ಹತ್ತು ವರ್ಷ ತಡವಾಗಿ ನಮ್ಮ ಕಡೆಗೂ ಬಂದಿದ್ದವು. ನಾವು ಅದನ್ನು 'ಟಿ.ವಿ. ಗೇಮ್' ಎನ್ನುತ್ತಿದ್ದೆವು. ಆಂಟೆನಾದ ವಯರು ಕಿತ್ತು, ಅಲ್ಲಿಗೆ ಗೇಮಿನ ವಯರು ಸಿಕ್ಕಿಸಿ, ಟಿ.ವಿ.ಯ ಚಾನೆಲ್ ತಿರುಗಿಸುತ್ತ ಹೋದರೆ ಎಲ್ಲೋ ಒಂದು ಕಡೆ ಮಾರಿಯೋ ಪ್ರತ್ಯಕ್ಷನಾಗುತ್ತಿದ್ದ. ಅದರ ಕ್ಯಾಸೆಟ್ಟುಗಳ ಮೇಲೆ '9999 ಆಟಗಳು ಒಂದರಲ್ಲಿ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ನಾನು ಆರು ತಿಂಗಳು ದುಡ್ಡು ಕೂಡಿಸಿ, ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಅಂಥದ್ದೊಂದು ತಂದೆ. ಹಚ್ಚಿ ನೋಡಿದರೆ ಪಟ್ಟಿಯಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಸಂಖ್ಯೆಗಳಿದ್ದುದು ನಿಜ. ಆಟಗಳು ಮಾತ್ರ ಹದಿನಾಲ್ಕು! ಹದಿನೈದನೆಯದಕ್ಕೆ ಮತ್ತೆ ಮೊದಲನೆಯದೇ ಬೇರೆ ಹೆಸರಿನಲ್ಲಿ. ನಾನು ಕಣ್ಣಲ್ಲಿ ನೀರು ತಂದುಕೊಂಡಾಗ ಅಪ್ಪ ನಕ್ಕು, "ಹತ್ತು ಸಾವಿರ ಆಟ ಆಡಲಿಕ್ಕೆ ನಿನಗೆ ಪುರುಸೊತ್ತಾದರೂ ಎಲ್ಲುಂಟು?" ಎಂದಿದ್ದರು. ಮಾತು ಸರಿಯೇ. ಆದರೆ ನನ್ನ ದುಃಖ ಪುರುಸೊತ್ತಿನದಾಗಿರಲಿಲ್ಲ, ಮಾತು ತಪ್ಪಿದ್ದರದ್ದಾಗಿತ್ತು. ಆ ಕ್ಯಾಸೆಟ್ಟನ್ನು ಬಿಚ್ಚಿ ಒಳಗೇನಿದೆ ಎಂದು ನೋಡಿದ ದಿನವೇ ನಾನು ಈ ರಿಪೇರಿ ಕೆಲಸದ ದಾರಿ ಹಿಡಿದದ್ದು. ಒಳಗಿದ್ದದ್ದು ಒಂದು ತೆಳು ಬೋರ್ಡು, ಅದರ ಮೇಲೊಂದು ಕಪ್ಪು ಅಂಟಿನ ಬೊಟ್ಟು, ಅಷ್ಟೇ.

ಮರುದಿನ ಬೆಳಿಗ್ಗೆ ಮಗನನ್ನು ಕಾಲೇಜಿಗೆ ಬಿಡಲು ಹೊರಟೆ. ಹೆದ್ದಾರಿಯ ಅಂಡರ್‌ಪಾಸ್ ಕಾಮಗಾರಿ ಆಗಿನ್ನೂ ನಡೆಯುತ್ತಿದ್ದುದರಿಂದ ಸರ್ವಿಸ್ ರಸ್ತೆಯಲ್ಲಿ ವಾಹನಗಳು ಆಮೆಯಂತೆ ತೆವಳುತ್ತಿದ್ದವು. ಮಾತಿಗೆ ಬೇಕಾದಷ್ಟು ಸಮಯ ಸಿಕ್ಕಿತು. "ಡಿಸ್ಕ್ ಇಲ್ಲದಿದ್ದರೆ ಎಂತ ಕಷ್ಟ, ಸರಿಯಾಗಿ ಹೇಳು" ಎಂದೆ.

ಅವನು ಹೇಳಿದ್ದು ಕೇಳಿ ನನಗೆ ನಾಚಿಕೆಯಾಯಿತು. ಅದು ಹಟ ಮಾಡುವ ಹುಡುಗನ ಮಾತಾಗಿರಲಿಲ್ಲ, ಲೆಕ್ಕದ ಮಾತು. ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ. ಡಿಸ್ಕಿನಲ್ಲಿ ಕೊಂಡರೆ ಆಡಿ ಮುಗಿಸಿ ಮಾರಬಹುದು, ಗೆಳೆಯನಿಗೆ ಕೊಟ್ಟು ಅವನದ್ದನ್ನು ತರಬಹುದು. ಮೂವರು ಗೆಳೆಯರು ಒಂದೊಂದು ಕೊಂಡರೆ ಮೂವರಿಗೂ ಮೂರು ಆಟ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಆಟವನ್ನು ಹಾಗೆ ಕೊಡುವಂತಿಲ್ಲ, ಮಾರುವಂತಿಲ್ಲ. "ಲೈಬ್ರರಿ ಪುಸ್ತಕದ ಹಾಗೆ ಅಪ್ಪ. ಪುಸ್ತಕ ಇದ್ದರೆ ಕೈಯಿಂದ ಕೈಗೆ ಹೋಗ್ತದೆ" ಎಂದ.

ಈ ಜಗಳ ಹೊಸತಲ್ಲವಂತೆ. 2013ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಎಂಬ ಯಂತ್ರವನ್ನು ಘೋಷಿಸಿದಾಗ, ಅದು ದಿನಕ್ಕೊಮ್ಮೆ ಇಂಟರ್‌ನೆಟ್ಟಿಗೆ ಸೇರಲೇಬೇಕು, ಹಳೆಯ ಡಿಸ್ಕುಗಳನ್ನು ಕೊಡುವುದಕ್ಕೂ ಮಾರುವುದಕ್ಕೂ ಕಟ್ಟುಪಾಡುಗಳುಂಟು ಎಂದಿತ್ತು. ಆಟಗಾರರು ಎಷ್ಟು ಗಲಾಟೆ ಎಬ್ಬಿಸಿದರೆಂದರೆ ಜೂನ್ 19ರಂದು ಕಂಪನಿಯೇ ಎರಡನ್ನೂ ಹಿಂದಕ್ಕೆ ಪಡೆಯಿತು. ಅದೇ ತಿಂಗಳು ಸೋನಿ ತನ್ನ ಪ್ಲೇಸ್ಟೇಷನ್ 4ನ್ನು ನೂರು ಡಾಲರ್ ಕಡಿಮೆಗೆ, ಅಂದರೆ 399 ಡಾಲರಿಗೆ, ಡಿಸ್ಕಿನ ಯಾವ ಹೊಸ ಕಟ್ಟುಪಾಡೂ ಇಲ್ಲದೆ ಕೊಡುತ್ತೇನೆಂದು ಹೇಳಿ ಚಪ್ಪಾಳೆ ಗಿಟ್ಟಿಸಿತ್ತು. ಅಂದು ಚಪ್ಪಾಳೆ ಪಡೆದವರೇ ಹನ್ನೊಂದು ವರ್ಷಗಳ ಬಳಿಕ ಡಿಸ್ಕಿನ ಡ್ರೈವನ್ನು ಪೆಟ್ಟಿಗೆಯಿಂದ ಹೊರಗಿಟ್ಟದ್ದು ಹುಡುಗರಿಗೆ ನೋವಾಗಿತ್ತು.

"ಹಾಗಾದರೆ ಆ ಹೊಸ ಯಂತ್ರದಲ್ಲಿ ಒಳ್ಳೆಯದು ಏನೂ ಇಲ್ಲವಾ?" ಎಂದು ಕೇಳಿದೆ. ಉಂಟು ಎಂದ, ನ್ಯಾಯ ಬಿಟ್ಟು ಮಾತಾಡಲಿಲ್ಲ. ಈಗಿನ ಆಟಗಳಲ್ಲಿ ಎರಡು ಬಗೆಯ ಆಯ್ಕೆ ಇರುತ್ತದೆ. ಚಿತ್ರ ಸೂಕ್ಷ್ಮವಾಗಿ ಕಾಣಬೇಕೆಂದರೆ ಚಲನೆ ತುಸು ತಡವರಿಸುತ್ತದೆ. ಚಲನೆ ನಯವಾಗಿರಬೇಕೆಂದರೆ ಚಿತ್ರದ ಸೂಕ್ಷ್ಮ ಬಿಡಬೇಕು. ಆಡುವವರು ಮುಕ್ಕಾಲು ಪಾಲು ನಯವಾದ ಚಲನೆಯನ್ನೇ ಆರಿಸುತ್ತಾರೆಂದು ಸರ್ನಿಯವರೇ ಹೇಳಿದ್ದರು. ಹೊಸ ಯಂತ್ರ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಆದರೆ ಆ ವ್ಯತ್ಯಾಸ ಚೆನ್ನಾಗಿ ಕಾಣಲು ದೊಡ್ಡ 4ಕೆ ಟಿ.ವಿ. ಬೇಕು. "ನಮ್ಮದು ಮೂವತ್ತೆರಡು ಇಂಚಿನದ್ದು. ಅದರಲ್ಲಿ ಎಂತ ಗೊತ್ತಾಗ್ತದೆ? ಬೇಡ ಅಪ್ಪ, ಬಿಡಿ" ಎಂದು ಕಾಲೇಜಿನ ಗೇಟಿನಲ್ಲಿ ಇಳಿದು ಹೋದ.

ಒಂದು ಸತ್ಯ ಹೇಳಬೇಕು. ಅವನು ಬೇಡ ಎಂದಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಯಾಕೆಂದರೆ ಜುಲೈ ತಿಂಗಳ ಮಳೆಗೆ ಅಂಗಡಿಯೊಳಗೆ ನೀರು ನುಗ್ಗಿ ಗಿರಾಕಿಗಳ ಎರಡು ಟಿ.ವಿ. ಹಾಳಾಗಿದ್ದವು. ಬದಲಿ ಕೊಡದೆ ನಿರ್ವಾಹವಿರಲಿಲ್ಲ. ಪಿಗ್ಮಿ ಮುರಿದೆ. ಉಳಿದದ್ದು ಆರು ಸಾವಿರ. ಇದನ್ನು ಮಗನಿಗೆ ಹೇಳಿರಲಿಲ್ಲ. 'ನಾನು ಕೊಡಿಸುತ್ತಿದ್ದೆ, ಕಂಪನಿಯೇ ಕೆಡಿಸಿತು' ಎಂದು ಮುಖ ಉಳಿಸಿಕೊಳ್ಳಲು ನನಗೊಂದು ದಾರಿ ಸಿಕ್ಕಿತ್ತು.

ನವೆಂಬರ್ 7ರಂದು ಆ ಯಂತ್ರ ಹೊರದೇಶಗಳಲ್ಲಿ ಮಾರಾಟಕ್ಕೆ ಬಂತು. ನಮ್ಮ ದೇಶಕ್ಕೆ ಆಗ ಬರಲಿಲ್ಲ. ಅದರ ಹೊಸ ಬಗೆಯ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಗಳಿಗೆ ಆಗ ಭಾರತದಲ್ಲಿ ಅವಕಾಶವಿರಲಿಲ್ಲ ಎಂಬುದು ಕಾರಣ. ಅಂದು ಸಂಜೆ ಮಗ ಅಂಗಡಿಗೆ ಬಂದು, "ಗಾಳಿಯಲ್ಲಿರುವ ತರಂಗಕ್ಕೂ ಪರ್ಮಿಷನ್ ಬೇಕಾ ಅಪ್ಪ?" ಎಂದ. ಇದು ನನ್ನ ವಿಷಯ! ಆಕಾಶವಾಣಿಗೊಂದು, ಮೊಬೈಲಿಗೊಂದು, ಪೊಲೀಸರ ವೈರ್‌ಲೆಸ್ಸಿಗೊಂದು, ಉಪಗ್ರಹಕ್ಕೊಂದು ಎಂದು ತರಂಗಗಳನ್ನು ಸರಕಾರ ಗದ್ದೆಯ ಹಾಗೆ ಕಂಡಿ ಕಟ್ಟಿ ಹಂಚಿರುತ್ತದೆ, ಒಬ್ಬರ ನೀರು ಇನ್ನೊಬ್ಬರ ಗದ್ದೆಗೆ ನುಗ್ಗಬಾರದು ಎಂದು ವಿವರಿಸಿದೆ. ಚಿತ್ರ ಬರೆದು ತೋರಿಸಲು ಅವನ ನೋಟ್‌ಪುಸ್ತಕ ಕೇಳಿದೆ. ಹಾಳೆ ಮಗುಚುವಾಗ ಒಂದು ಪುಟ ಕಣ್ಣಿಗೆ ಬಿತ್ತು.

ಅದರಲ್ಲಿ ಪ್ಲೇಸ್ಟೇಷನ್ನಿನ ಲೆಕ್ಕವಿತ್ತು. ತಾರೀಕು ಆಗಸ್ಟ್ 2. ಒಂದು ಬದಿಯಲ್ಲಿ 'ನನ್ನದು 14,500'. ಅದರ ಕೆಳಗೆ 'ಅಪ್ಪನ ಪಿಗ್ಮಿ 35,000' ಎಂದು ಬರೆದು, ಗೀಟು ಹಾಕಿ, '6,000' ಎಂದು ತಿದ್ದಿತ್ತು. ಪಾಸ್‌ಪುಸ್ತಕ ನೋಡಿದ್ದಾನೆ! ಅಂದರೆ ಸೆಪ್ಟೆಂಬರ್ ಹತ್ತರ ರಾತ್ರಿ ಆ ಒಂಬತ್ತು ನಿಮಿಷಗಳಿಗಾಗಿ ಕಾದು ಕುಳಿತಾಗಲೇ, ಅದು ತನಗೆ ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ನಾನು ಬಿಸಿ ಸೋಲ್ಡರಿಂಗ್ ಕಡ್ಡಿಯನ್ನು ಸ್ಟ್ಯಾಂಡಿಗಿಟ್ಟೆ. "ಗೊತ್ತಿದ್ದೂ ಯಾಕೆ ಹೇಳಲಿಲ್ಲ ಮಗಾ?" ಎಂದೆ.

"ನೀವು ಹೇಳ್ತೀರಿ ಅಂತ ಕಾದೆ" ಎಂದ.

ಸಿಟ್ಟಿನಿಂದ ಹೇಳಿದ್ದರೆ ಸಹಿಸಬಹುದಿತ್ತು. ಅವನು ಮೆಲ್ಲನೆ ಹೇಳಿದ. ಆ ಕಂಪನಿಯವರಾದರೂ ಬೆಲೆ ಎಷ್ಟು, ಪೆಟ್ಟಿಗೆಯಲ್ಲಿ ಏನಿಲ್ಲ ಎಂಬುದನ್ನು ಘೋಷಣೆಯ ದಿನವೇ ಹೇಳಿದ್ದರು. ನಾನು ಅದನ್ನೂ ಹೇಳಿರಲಿಲ್ಲ. ಅಂದು ಮಳೆಯ ವಿಷಯ, ಎರಡು ಟಿ.ವಿ.ಗಳ ವಿಷಯ, ಅಂಗಡಿಯ ಬಾಡಿಗೆ, ಅವನ ಮುಂದಿನ ಓದಿಗೆಂದು ತೆಗೆದಿಟ್ಟದ್ದು, ಎಲ್ಲವನ್ನೂ ಅವನೆದುರು ಬಿಚ್ಚಿಟ್ಟೆ. ದೊಡ್ಡವನ ಹಾಗೆ ಕೇಳಿಸಿಕೊಂಡ. "ಇಷ್ಟೇ ಅಲ್ವಾ" ಎಂದ.

ಡಿಸೆಂಬರಿನಲ್ಲಿ ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ವಿದ್ಯಾರ್ಥಿಯೊಬ್ಬ ಕೆಟ್ಟ ಪ್ಲೇಸ್ಟೇಷನ್ 4 ಒಂದನ್ನು ಐದು ಡಿಸ್ಕುಗಳ ಸಮೇತ ಎಂಟು ಸಾವಿರಕ್ಕೆ ಕೊಡುತ್ತಾನೆಂದು ಮಗನೇ ಪತ್ತೆ ಹಚ್ಚಿದ. ಬಿಚ್ಚಿ ನೋಡಿದೆ. ಟಿ.ವಿ.ಗೆ ವಯರು ಸಿಕ್ಕಿಸುವ ಎಚ್.ಡಿ.ಎಮ್.ಐ. ಪೋರ್ಟು ಮುರಿದಿತ್ತು, ಫ್ಯಾನಿನಲ್ಲಿ ಬೆರಳು ದಪ್ಪದ ಧೂಳು. ಪೋರ್ಟು ಬದಲಿಸಲು ಒಂದು ಸಂಜೆ ಹಿಡಿಯಿತು. ಮಗ ಟಾರ್ಚು ಹಿಡಿದ, ನಾನು ಬೆಸೆದೆ. ಹಣದಲ್ಲಿ ಆರು ಸಾವಿರ ನನ್ನದು, ಎರಡು ಸಾವಿರ ಅವನದು. ನನ್ನ ಘೋಷಣೆಯಲ್ಲಿ ನಡೆದದ್ದು ಅಷ್ಟು ಮಾತ್ರ. ಆ ಐದು ಡಿಸ್ಕುಗಳು ಈಗ ನೇಜಾರಿನ ಒಂದು ಮನೆ, ಕೆಮ್ಮಣ್ಣಿನ ಒಂದು ಮನೆ, ನಮ್ಮ ಮನೆ ಎಂದು ತಿರುಗಾಡುತ್ತಿರುತ್ತವೆ.

ಪರೀಕ್ಷೆಯ ಮೊದಲು ಮಕ್ಕಳಿಗೆ ಸೈಕಲ್, ಮೊಬೈಲ್, ಬೈಕ್ ಎಂದು ಘೋಷಣೆ ಮಾಡುವ ತಂದೆತಾಯಿಯರು ನಮ್ಮಲ್ಲಿ ಬಹಳ. ತಪ್ಪೇನಲ್ಲ. ನಡುವೆ ಮಳೆ ಬಂದರೆ, ಮಳೆ ಬಂತೆಂದು ಅವರಿಗೆ ಹೇಳಿಬಿಡುವುದು ಒಳ್ಳೆಯದು. ಹೇಗೂ ಅವರು ಪಾಸ್‌ಪುಸ್ತಕ ನೋಡಿರುತ್ತಾರೆ.