ಲಲಿತಮಹಲ್: ಮೈಸೂರಿನಿಂದ ಉಜ್ಜಿನಿಗೆ

ಮೈಸೂರು

ಅಪ್ಪನವರಿಗೆ,

ಲಲಿತಮಹಲ್ ಅರಮನೆ ಮೈಸೂರಿನ ಪೂರ್ವಕ್ಕೆ, ಚಾಮುಂಡಿ ಬೆಟ್ಟಕ್ಕೆ ಹತ್ತಿರದ ದಿಬ್ಬದ ಮೇಲಿದೆ. ಇದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1921ರ ನವೆಂಬರ್ 18ರಂದು. ರಾಜರ ವಾಸಕ್ಕೆಂದು ಕಟ್ಟಿದ್ದಲ್ಲ. ವೈಸರಾಯ್ ಬಂದಾಗ ಇಳಿಸುವುದಕ್ಕೆ. ಮಾಂಸದಡುಗೆ ದೊಡ್ಡ ಅರಮನೆಯಲ್ಲಿ ಸಲ್ಲುತ್ತಿರಲಿಲ್ಲವಾದ್ದರಿಂದ ಐರೋಪ್ಯ ಅತಿಥಿಗಳಿಗೆ ಬೇರೆ ಬಿಡಾರವೇ ಬೇಕಾಯಿತು ಎಂದೂ ಹೇಳುತ್ತಾರೆ. ನಕ್ಷೆ ಮುಂಬಯಿಯ ಇ. ಡಬ್ಲ್ಯೂ. ಫ್ರಿಚ್ಲಿ ಅವರದು, ಕಟ್ಟಿಸಿದ ಗುತ್ತಿಗೆದಾರರು ಬಿ. ಮುನಿವೆಂಕಟಪ್ಪ.

ನಡುವಿನ ಗುಮ್ಮಟಕ್ಕೆ ಮಾದರಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚು. 1666ರ ಬೆಂಕಿಯಲ್ಲಿ ಹಳೆಯ ಚರ್ಚು ಹಾಳಾದ ಮೇಲೆ ಕ್ರಿಸ್ಟೋಫರ್ ರೆನ್ ಅದನ್ನು 1675ರಿಂದ ಹೊಸದಾಗಿ ಕಟ್ಟಿಸಿದ. ಅದರದು ಬರೋಕ್ ಶೈಲಿ. ರೋಮಿನಲ್ಲಿ ಹುಟ್ಟಿದ ಈ ಶೈಲಿ ಇಂಗ್ಲೆಂಡಿನಲ್ಲಿ ಸ್ವಲ್ಪ ಗಂಭೀರವಾಯಿತು, ಆದರೆ ಕಣ್ಣನ್ನು ಬೆರಗುಗೊಳಿಸುವ ಹಟ ಬಿಡಲಿಲ್ಲ. ರೆನ್‌ನ ಗುಮ್ಮಟ ವಾಸ್ತವದಲ್ಲಿ ಮೂರು ಪದರ: ಒಳಗೆ ನಿಂತವರಿಗೆ ಕಾಣುವುದು ಒಂದು, ಊರಿಗೆ ಕಾಣುವ ಸೀಸ ಹೊದಿಸಿದ್ದು ಇನ್ನೊಂದು, ನಡುವೆ ಅಡಗಿರುವ ಇಟ್ಟಿಗೆಯ ಶಂಕುವೇ ತುದಿಯ ಕಲ್ಲುಮಂಟಪದ ಭಾರ ಹೊರುತ್ತದೆ.

ಮೈಸೂರಿಗೆ ಬಂದದ್ದು ಆ ಹೊರ ರೂಪ. ಬೆಳ್ಳನೆಯ ಎರಡಂತಸ್ತಿನ ಮುಂಭಾಗದುದ್ದಕ್ಕೂ ಜೋಡಿ ಕಂಬಗಳು. ಪ್ರತಿ ಕಂಬದ ತಲೆಯಲ್ಲಿ ಎರಡೂ ಬದಿಗೆ ಟಗರಿನ ಕೊಂಬಿನಂತೆ ಸುತ್ತಿಕೊಂಡ ಸುರುಳಿ. ಒಳಗೆ ಇಟಲಿಯ ಅಮೃತಶಿಲೆಯ ಮೆಟ್ಟಿಲು, ಗೋಡೆ ಸೂರುಗಳ ಮೇಲೆ ಗಾರೆಯ ಹೂಬಳ್ಳಿ. ಎಲ್ಲಕ್ಕಿಂತ ಚೆಲುವಾದದ್ದು ಹಿಂದೆ ನೃತ್ಯಶಾಲೆಯಾಗಿದ್ದ ಊಟದ ಸಭಾಂಗಣ: ಎತ್ತರದ ಸೂರಿನಲ್ಲಿ ಬೆಲ್ಜಿಯಂ ಗಾಜಿನ ಗುಮ್ಮಟಗಳಿದ್ದು, ಹಗಲಿನ ಬೆಳಕು ಮೇಲಿನಿಂದಲೇ ಇಳಿಯುತ್ತದೆ. ಒಡೆಯರ ಆಳೆತ್ತರದ ಭಾವಚಿತ್ರಗಳೂ ಇವೆ. ಆದರೆ ಚಿತ್ರಕಲೆಗಾಗಿಯೇ ಬಂದವರು ಜಗನ್ಮೋಹನ ಅರಮನೆಗೆ ಹೋಗುವುದು ಮೇಲು, ರವಿವರ್ಮನ ಚಿತ್ರಗಳಿರುವುದು ಅಲ್ಲಿ.

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬ ನಮ್ಮೂರಿನ ಮಾತಿನಲ್ಲಿ ಲಲಿತಮಹಲ್ ಹೊರಗಿನ ನೋಟದ ಹಂಪಿಯ ಪಾಲಿಗೇ ಸೇರುತ್ತದೆ. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯಲ್ಲಿ ಭಾರ ಹೊರುವ ಕಲ್ಲೇ ಕೆತ್ತನೆಯನ್ನೂ ಹೊತ್ತಿದೆ. ಇಲ್ಲಿ ಅಲಂಕಾರ ಬಹುಪಾಲು ಮೇಲೆ ಮೆತ್ತಿದ ಗಾರೆ. ಅಲ್ಲಿಯ ಶಿಖರಕ್ಕೆ ಜಾತ್ರೆಯಲ್ಲಿ ಎಣ್ಣೆ, ಇಲ್ಲಿಯ ಗುಮ್ಮಟಕ್ಕೆ ಬಿಳಿ ಬಣ್ಣ.

1974ರಲ್ಲಿ ಅರಮನೆ ಹೋಟೆಲಾಯಿತು. ವೈಸರಾಯ್‌ಗೆಂದು ಸಜ್ಜುಗೊಳಿಸಿದ್ದ ಕೋಣೆಗೂ ಬಾಡಿಗೆ ನಿಗದಿಯಾಯಿತು.

ಇಂತಿ,
ನಿಮ್ಮ ಮಗ