ಹೇಳದೆ ಉಳಿದ ಲೆಕ್ಕ

ಕೆಲವು ವರ್ಷಗಳ ಹಿಂದೆ ಬೆಳಗಾವಿ ಜಿಲ್ಲೆಯ ಗ್ರಾಮವೊಂದರಲ್ಲಿ ಜರುಗಿದ ಪಂಚಕಲ್ಯಾಣ ಮಹೋತ್ಸವಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತಿದ್ದ ವೃದ್ಧರೊಬ್ಬರು ನನ್ನನ್ನೇ ನೋಡುತ್ತಿದ್ದರು. ಕೈತೊಳೆದು ಹೊರಬಂದಾಗ ಸಮೀಪಕ್ಕೆ ಬಂದು, "ಸಾಹೇಬ್ರ, ಗುರ್ತ ಹತ್ತಲಿಲ್ಲೇನ್ರಿ? ನೀವು ನಮ್ಮೂರ ಬ್ಯಾಂಕಿನ್ಯಾಗ ಮ್ಯಾನೇಜರ್ ಇದ್ದಾಗ ನನ್ನ ಮಗಗ ಓದಾಕ ಸಾಲ ಕೊಟ್ಟಿದ್ರಿ" ಎಂದರು. ನೆನಪಾಯಿತು. ಸಿ.ಇ.ಟಿ.ಯಲ್ಲಿ ಇಂಜಿನಿಯರಿಂಗ್ ಸೀಟು ಪಡೆದ, ಮಾತು ಕಡಿಮೆಯಿದ್ದ ಹುಡುಗ. ಹೆಮ್ಮೆಯಿಂದಲೇ ಕೇಳಿದೆ, ಈಗ ಎಲ್ಲಿದ್ದಾನೆ ಎಂದು. "ಕೊಲ್ಲಾಪುರದಾಗ ಫೌಂಡ್ರಿಯೊಳಗ ಅದಾನ್ರಿ. ಕಾಲೇಜು ಮುಗೀಲಿಲ್ಲ."

ಆ ಸಾಲ ಮಂಜೂರಾದದ್ದು 2007ರಲ್ಲಿ. ದೇಶದ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಒಂದು ಮಾದರಿ ಯೋಜನೆಯನ್ನು 2001ರಲ್ಲಿ ಅಳವಡಿಸಿಕೊಂಡಿದ್ದವು. 4 ಲಕ್ಷದವರೆಗೆ ಅಡವಿನ ಅಗತ್ಯವಿರಲಿಲ್ಲ. ವರ್ಷಕ್ಕೆ 75 ಸಾವಿರದಂತೆ ನಾಲ್ಕು ವರ್ಷಕ್ಕೆ 3 ಲಕ್ಷ ರೂಪಾಯಿ, ಶೇಕಡಾ 12ರ ಬಡ್ಡಿ. ತಂದೆ ಮಗ ಇಬ್ಬರೂ ನನ್ನ ಮೇಜಿನ ಮುಂದೆ ಕುಳಿತು, ನಾನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಮಾಡಿದರು. "ಯಾವಾಗ ಕಟ್ಟಬೇಕ್ರಿ?" ಎಂದು ತಂದೆ ಕೇಳಿದ ಒಂದೇ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಂದಿಗೂ ನೆನಪಿದೆ: "ಹುಡುಗ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕಟ್ಟಿದರಾಯಿತು, ಚಿಂತೆ ಮಾಡಬೇಡಿ."

ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕಂತು ಆರಂಭವಾಗುವುದು ಓದು ಮುಗಿದ ಮೇಲೆಯೇ. ಆದರೆ ಬಡ್ಡಿ ಆರಂಭವಾಗುವುದು ಹಣ ಪಡೆದ ದಿನದಿಂದ. ಅದನ್ನು ನಾನು ಹೇಳಲಿಲ್ಲ. ಹೊರಗೆ ಬೆಳೆಸಾಲದವರು ಸಾಲುಗಟ್ಟಿ ನಿಂತಿದ್ದರು, ಊಟದ ಹೊತ್ತು ಬೇರೆ ಮೀರಿತ್ತು. ಹೀಗೆ ನೆಪ ಹೇಳಿಕೊಳ್ಳಬಹುದು. ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಅರ್ಧ ಹೇಳಿ ಅರ್ಧ ಬಿಟ್ಟ ಮಾತಿಗೆ ಏನೆಂದು ಹೆಸರಿಡಬೇಕು ಎಂಬ ಪ್ರಶ್ನೆ ಅಂದು ನನಗೆ ಹೊಳೆದಿರಲಿಲ್ಲ.

ಮುಂದೆ ನಡೆದುದನ್ನು ಆ ಹಿರಿಯರೇ ಬಸದಿಯ ಕಟ್ಟೆಯ ಮೇಲೆ ಕುಳಿತು ಹೇಳಿದರು. 2008ರಲ್ಲಿ ಕೇಂದ್ರ ಸರಕಾರ ರೈತರ ಸಾಲ ಮನ್ನಾ ಘೋಷಿಸಿದಾಗ ಊರಿನಲ್ಲಿ ಅನೇಕರು ಬ್ಯಾಂಕಿನ ಸಾಲವೆಲ್ಲವೂ ಮಾಫಿಯಾಯಿತೆಂದೇ ತಿಳಿದರು. ಮನ್ನಾ ಆದದ್ದು ಕೃಷಿ ಸಾಲ ಮಾತ್ರ. ಆಗಲೇ ನನಗೆ ವರ್ಗವಾಗಿತ್ತು. ಮೂರು ವರ್ಷ ಮುಗಿದಾಗ ಮನೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಬಾಕಿ 2 ಲಕ್ಷ 79 ಸಾವಿರವೆಂದು ಅದರಲ್ಲಿತ್ತು. ತಂದೆಗೆ ಗೊತ್ತಿದ್ದುದು ಮೂರು ಸಲ 75 ಸಾವಿರ, ಅಂದರೆ 2 ಲಕ್ಷ 25 ಸಾವಿರ. ಉಳಿದ 54 ಸಾವಿರ ಎಲ್ಲಿಂದ ಬಂತು? ಮಗನೇ ಗುಟ್ಟಾಗಿ ತೆಗೆದು ಖರ್ಚು ಮಾಡಿದ್ದಾನೆಂದು ಅವರು ನಂಬಿದರು. ಮೊದಲ ವರ್ಷಕ್ಕೆ 9 ಸಾವಿರ, ಎರಡನೆಯದಕ್ಕೆ 18, ಮೂರನೆಯದಕ್ಕೆ 27 ಸಾವಿರ ಬಡ್ಡಿ ಎಂದು ಕೂಡಿಸಿ ತೋರಿಸುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹುಡುಗನಿಗೂ ಗೊತ್ತಿರಲಿಲ್ಲ. ಕಳ್ಳನೆನಿಸಿಕೊಂಡ ಮಗ ಅಭಿಮಾನದಿಂದ ಮನೆಬಿಟ್ಟು ಹೋದ. ನಾಲ್ಕನೆಯ ವರ್ಷದ ಶುಲ್ಕ ಕಟ್ಟಲೇ ಇಲ್ಲ. ಜೋಡೆತ್ತು ಮಾರಿ, ಎರಡು ಹಂಗಾಮಿನ ಕಬ್ಬಿನ ಬಿಲ್ಲು ಹಾಕಿ ತಂದೆ ಸಾಲ ತೀರಿಸಿದರು.

"ತಪ್ಪು ನಿಮ್ದಲ್ರಿ ಸಾಹೇಬ್ರ. ಆದ್ರ ಬಡ್ಡಿ ಹೆಂಗ ಬೆಳೀತೈತಿ ಅಂತ ಅವತ್ತ ಒಂದ್ ಮಾತ ಹೇಳಿದ್ರ ಚಲೋ ಆಗ್ತಿತ್ತು" ಎಂದು ಅವರು ಸಮಾಧಾನದಿಂದಲೇ ಹೇಳಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಮ್ಮ ಸಮಾಜದಲ್ಲಿ ವಿದ್ಯೆಗಾಗಿ ಕೊಡುವ ಕೈಗಳಿಗೆ ಎಂದೂ ಕೊರತೆಯಿಲ್ಲ. ಇದೇ ಸೀಮೆಗೆ ಹತ್ತಿರದ ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವೂರಾವ ಪಾಟೀಲರನ್ನು ನೆನೆಯೋಣ. ಅವರ ಮನೆತನದ ಮೂಲ ನಮ್ಮ ಮೂಡುಬಿದಿರೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಸಾತಾರೆಯ ವಸತಿಗೃಹದಲ್ಲಿ ಎಲ್ಲ ಜಾತಿಯ ಬಡಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಆ ಮಕ್ಕಳ ಊಟಕ್ಕಾಗಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನೇ ಮಾರಿದರು. ಈ ತ್ಯಾಗದ ಕಥೆಯನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ. ಅದೇ ಭಾವೂರಾವರು ದುಡಿದು ಕಲಿಯುವ ಪದ್ಧತಿಯನ್ನೂ ತಂದರೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ತಾನು ಗಳಿಸಿದ ಕಾಸಿನಲ್ಲಿ ಓದುವ ಹುಡುಗನಿಗೆ ಆ ಕಾಸು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ತಾನಾಗಿಯೇ ತಿಳಿಯುತ್ತದೆ. ನಮ್ಮ ಇಂದಿನ ದಾನಗಳಲ್ಲಿ ಇಲ್ಲದಿರುವುದು ಈ ತಿಳಿವಳಿಕೆಯೇ.

ನಿವೃತ್ತನಾದ ಮೇಲೆ ನಮ್ಮ ಊರಿನ ಬಸದಿಯ ಪಾಠಶಾಲೆಯಲ್ಲಿ, ಟ್ರಸ್ಟಿನ ಅನುಮತಿ ಪಡೆದು, ಭಾನುವಾರ ಬೆಳಿಗ್ಗೆ ಕುಳಿತುಕೊಳ್ಳಲು ಆರಂಭಿಸಿದೆ. ಕಾಲೇಜಿಗೆ ಹೋಗುವ ಮಕ್ಕಳು, ಸಾಧ್ಯವಾದರೆ ತಂದೆ ಅಥವಾ ತಾಯಿ, ಒಂದು ನೋಟುಬುಕ್ಕು. ಉಪನ್ಯಾಸವಿಲ್ಲ. ಜಾತಿಯನ್ನು ಕೇಳುವುದಿಲ್ಲ.

ಮೊದಲ ದಿನವೇ ಒಬ್ಬ ತಾಯಿ ನನಗೆ ಪಾಠ ಕಲಿಸಿದರು. "ಬ್ಯಾಂಕಿನವರು ಹನ್ನೆರಡು ಅಂತಾರ್ರಿ. ನಮ್ಮ ಓಣಿಯವರು ಐದಕ್ಕ ಕೊಡ್ತಾರ. ಅದಕ್ಕ ಅವರ ಕಡೆನ ತಗೊಂಡ್ವಿ." ಊರಿನ ಬಡ್ಡಿ ನೂರಕ್ಕೆ ತಿಂಗಳಿಗೆ ಐದು, ಬ್ಯಾಂಕಿನದು ನೂರಕ್ಕೆ ವರ್ಷಕ್ಕೆ ಹನ್ನೆರಡು. ಐದೆಂದರೆ ವರ್ಷಕ್ಕೆ ಅರವತ್ತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಜನ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾರೆಂಬ ಕಲ್ಪನೆಯೇ ಇರಲಿಲ್ಲ. ಅಂದಿನಿಂದ ನೋಟುಬುಕ್ಕಿನ ಮೊದಲ ಪುಟದಲ್ಲಿ ಈ ಲೆಕ್ಕವನ್ನೇ ಬರೆಸುತ್ತೇನೆ.

ಎರಡನೆಯ ಪುಟದಲ್ಲಿ ಹನ್ನೆರಡು ತಿಂಗಳುಗಳನ್ನು ಬರೆದು, ಯಾವ ತಿಂಗಳು ಹಣ ಬರುತ್ತದೆ, ಯಾವ ತಿಂಗಳು ಹೋಗುತ್ತದೆ ಎಂದು ತುಂಬಿಸಬೇಕು. ನಮ್ಮದು ಕಬ್ಬಿನ ಸೀಮೆ. ಕಾರ್ಖಾನೆಗಳು ನುರಿಸುವುದು ಅಕ್ಟೋಬರ್, ನವೆಂಬರಿನಿಂದ. ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕೈಸೇರುವ ದಿನವನ್ನು ರೈತರನ್ನೇ ಕೇಳಬೇಕು. ಕಾಲೇಜಿನ ಶುಲ್ಕವೋ ಆಗಸ್ಟ್, ಸೆಪ್ಟೆಂಬರಿನಲ್ಲೇ ಬರುತ್ತದೆ. ಎಷ್ಟೋ ಕುಟುಂಬಗಳಿಗೆ ವರ್ಷದ ಮೊತ್ತ ಭಾರವಾಗುವುದಿಲ್ಲ, ಆ ಎರಡು ತಿಂಗಳು ಭಾರವಾಗುತ್ತವೆ. ಬಂಗಾರ ಅಡವಿಡುವುದೂ ಐದರ ಬಡ್ಡಿಗೆ ಹೋಗುವುದೂ ಆಗಲೇ. ಈ ಪುಟವನ್ನು ತುಂಬಿಸಿದ ಹುಡುಗಿಯೊಬ್ಬಳು ತಾನೇ ಕಾಲೇಜಿನ ಪ್ರಾಚಾರ್ಯರನ್ನು ಕಂಡು, ಶುಲ್ಕವನ್ನು ಎರಡು ಕಂತುಗಳಲ್ಲಿ ಕಟ್ಟಲು ಲಿಖಿತ ಅನುಮತಿ ಪಡೆದಳು. ಕೇಳಬಹುದೆಂಬುದು ಅವಳ ತಂದೆಗೆ ಗೊತ್ತೇ ಇರಲಿಲ್ಲ.

ಶುಲ್ಕವೊಂದೇ ಖರ್ಚೆಂದು ತಿಳಿಯುವುದು ಇನ್ನೊಂದು ತಪ್ಪು. ವಸತಿಗೃಹದ ಠೇವಣಿ, ಊಟದ ಬಿಲ್ಲು, ಬಸ್ ಪಾಸು, ಪ್ರಯೋಗಾಲಯದ ನಿಲುವಂಗಿ, ಪರೀಕ್ಷಾ ಶುಲ್ಕ, ಹಬ್ಬಕ್ಕೆ ಊರಿಗೆ ಬಂದುಹೋಗುವ ಖರ್ಚು ಇವನ್ನೆಲ್ಲ ಮಕ್ಕಳು ಬರೆದಾಗ ಕೆಲವು ತಂದೆಯರ ಮುಖ ಸಪ್ಪೆಯಾಗುತ್ತದೆ. ಪ್ರವೇಶಕ್ಕೆ ಮೊದಲೇ ಸಪ್ಪೆಯಾಗುವುದು ಮೇಲಲ್ಲವೇ? ಸ್ವಂತ ಊರಿನ ಸರಕಾರಿ ಕಾಲೇಜನ್ನು ಆರಿಸಿಕೊಂಡವರೂ ಇದ್ದಾರೆ. ಅದನ್ನು ಸೋಲೆಂದು ಭಾವಿಸುವ ಬಂಧುಗಳೊಡನೆ ನನಗೆ ವಾದವಿದೆ.

ಸಹಾಯದ ದಾರಿಗಳು 2007ಕ್ಕಿಂತ ಇಂದು ಹೆಚ್ಚಿವೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಅಥವಾ ತಾಂತ್ರಿಕ ಶಿಕ್ಷಣ ಪಡೆಯುವವರಿಗೆ, ಓದಿನ ಅವಧಿಯ ಬಡ್ಡಿಯನ್ನು ನಿಯಮಗಳಿಗೆ ಒಳಪಟ್ಟು ಕೇಂದ್ರ ಸರಕಾರವೇ ಭರಿಸುವ ಯೋಜನೆ 2009ರಲ್ಲಿ ಬಂತು. 7.5 ಲಕ್ಷದವರೆಗೆ ಅಡವೂ ಮೂರನೆಯವರ ಜಾಮೀನೂ ಇಲ್ಲದೆ ಕೊಡುವ ಸಾಲಕ್ಕೆ 2015ರಲ್ಲಿ ಖಾತರಿ ನಿಧಿ ಸ್ಥಾಪಿತವಾಯಿತು. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಘೋಷಿಸಲಾಯಿತು. ಆದರೆ ದಾರಿ ಇರುವುದು ಬೇರೆ, ನಡೆದು ತಲುಪುವುದು ಬೇರೆ. ಒಬ್ಬ ವಿದ್ಯಾರ್ಥಿಯ ವಿದ್ಯಾರ್ಥಿವೇತನ ಮಂಜೂರಾಗಿದ್ದರೂ ಅವನ ಪಾಸ್‌ಬುಕ್ಕಿನಲ್ಲಿ ಕಾಣಿಸಲಿಲ್ಲ. ಹುಡುಕಿದಾಗ ತಿಳಿಯಿತು: ಹಣ ಬೀಳುವುದು ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಿಸಿದ ಖಾತೆಗೆ, ಅವನಿಗೋ ಎಂದೋ ತೆರೆದು ಮರೆತ ಇನ್ನೊಂದು ಖಾತೆಯಿತ್ತು. ಹಣ ಅಲ್ಲಿ ಕುಳಿತಿತ್ತು, ಹುಡುಗ ಇಲ್ಲಿ ಪರೀಕ್ಷಾ ಶುಲ್ಕಕ್ಕೆ ಪರದಾಡುತ್ತಿದ್ದ.

ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ಒಂದು ಮಾತು ವಿಜ್ಞಾಪಿಸುವೆ; ನಾನೂ ಅವರಲ್ಲೊಬ್ಬನಾದ್ದರಿಂದ ಅಸಮಾಧಾನಪಡಲಾರರೆಂದು ನಂಬಿದ್ದೇನೆ. ಪಿ.ಯು.ಸಿ.ಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಶಾಲು, ಫಲಕ, ಚೆಕ್ಕು ಕೊಟ್ಟು ಛಾಯಾಚಿತ್ರ ತೆಗೆಸುತ್ತೇವೆ. ಮರುವರ್ಷ ಹೊಸಬರನ್ನು ಕರೆಯುತ್ತೇವೆ. ಹಿಂದಿನ ವರ್ಷದವರು ಓದುತ್ತಿದ್ದಾರೋ ಬಿಟ್ಟರೋ ಎಂದು ವಿಚಾರಿಸಿದ ದಾಖಲೆ ನಮ್ಮ ಕಡತದಲ್ಲಿ ಇರಲಿಲ್ಲ. ಪರಿಗ್ರಹ ಪರಿಮಾಣವನ್ನು ಸ್ವೀಕರಿಸುವ ಶ್ರಾವಕನು ತನ್ನಲ್ಲಿ ಇರುವುದನ್ನು ಮೊದಲು ಎಣಿಸಲೇಬೇಕು, ಎಣಿಸದೆ ಮಿತಿಯಿಲ್ಲ. ಕೊಟ್ಟದ್ದನ್ನೂ ಹಾಗೆಯೇ ಎಣಿಸಬೇಡವೇ? ಬಹಳ ಚರ್ಚೆಯ ನಂತರ ನಮ್ಮ ಟ್ರಸ್ಟು ಅದೇ ನಿಧಿಯನ್ನು ನಾಲ್ಕು ಪಾಲು ಮಾಡಿ, ಕೊನೆಯ ವರ್ಷದ ಪರೀಕ್ಷಾ ಶುಲ್ಕದವರೆಗೆ ಕೊಡಲು ಒಪ್ಪಿತು. ಸಮಾರಂಭ ಸಣ್ಣದಾಯಿತೆಂದು ಗೊಣಗುವವರು ಈಗಲೂ ಇದ್ದಾರೆ.

ಕಳೆದ ಮಳೆಗಾಲದ ಒಂದು ಭಾನುವಾರ, ಹದಿನೆಂಟು ವರ್ಷದ ಹುಡುಗಿಯೊಬ್ಬಳನ್ನು ಅವಳ ಸೋದರಮಾವ ಕರೆತಂದ. ಅವನ ಕೈಗಳಲ್ಲಿ ಸುಟ್ಟ ಹಳೆಯ ಕಲೆಗಳಿದ್ದವು. ಅವನು ಯಾರೆಂದು ನಾನು ಗುರುತಿಸಿದೆ, ಅವನೂ ನನ್ನನ್ನು ಗುರುತಿಸಿದ. ಇಬ್ಬರೂ ಹಳೆಯದನ್ನು ಎತ್ತಲಿಲ್ಲ. ಹುಡುಗಿಗೆ ಉದಾಹರಣೆಯೊಂದು ಬೇಕಾಗಿತ್ತು. ನನಗೆ ತಿಳಿಯದೆಯೇ ಬಾಯಿಗೆ ಬಂದ ಅಂಕಿಗಳು 3 ಲಕ್ಷ, ಶೇಕಡಾ 12, ನಾಲ್ಕು ವರ್ಷ. ಓದಿನ ಕಾಲದಲ್ಲೂ ಅನಂತರದ ಒಂದು ವರ್ಷದಲ್ಲೂ ಏನೂ ಕಟ್ಟದಿದ್ದರೆ ಬಾಕಿ 4 ಲಕ್ಷ 26 ಸಾವಿರ. ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ 7,520 ರೂಪಾಯಿ. ಬಡ್ಡಿಯನ್ನು ಅಂದಂದಿಗೆ ಕಟ್ಟಿದ್ದರೆ 5,296. ಮೊದಲ ವರ್ಷ ಅದಕ್ಕೆ ತಿಂಗಳಿಗೆ 750 ರೂಪಾಯಿ ಸಾಕಿತ್ತು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವನು ಸೊಸೆಯ ನೋಟುಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು ತಾನೂ ಬರೆಯುತ್ತಿದ್ದ. ಬರೆದು ಮುಗಿಸಿ, ಬಹಳ ಹೊತ್ತು ನೋಡಿ, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. "ಅಪ್ಪಗ ತೋರಸ್ತೀನ್ರಿ" ಎಂದ. ಅಷ್ಟರಲ್ಲಿ ಹುಡುಗಿ ಮುಂದಿನ ಪುಟ ತೆರೆದು, ಊಟದ ಬಿಲ್ಲನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ಕೇಳಿದಳು.