ಮುದ್ದೇನಹಳ್ಳಿಯ ಒಂದು ಸಂಜೆ

ಚಿಂತಾಮಣಿಯಿಂದ ಹೊರಟು, ಶಿಡ್ಲಘಟ್ಟದಲ್ಲಿ ಮಗಳು, ಅಳಿಯ, ಮೊಮ್ಮಗಳನ್ನು ಕೂಡಿಕೊಂಡು ಚಿಕ್ಕಬಳ್ಳಾಪುರವನ್ನು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಗೌರಿಬಿದನೂರಿನ ಬೀಗರು ಮೊದಲೇ ಬಂದು ಕಾದಿದ್ದರು. ಅಲ್ಲಿಂದ ಮುದ್ದೇನಹಳ್ಳಿಗೆ ಏಳೆಂಟು ಕಿಲೋಮೀಟರು. ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯನ್ನೂ ಸಮಾಧಿಯನ್ನೂ ಕಂಡು ಹಿಂದಿರುಗುವುದು ನಮ್ಮ ಸಂಕಲ್ಪವಾಗಿತ್ತು. ಆದರೆ ಮೊಮ್ಮಗಳು ಸತ್ಯಸಾಯಿ ಗ್ರಾಮಕ್ಕೂ ಹೋಗಲೇಬೇಕೆಂದು ಹಠ ಹಿಡಿದಳು. ಅವಳು ಪಿಟೀಲು ಕಲಿಯುತ್ತಿರುವವಳು. ಬೆಂಗಳೂರಿನ ಮೇಷ್ಟ್ರೊಬ್ಬರ ಬಳಿ ಪಾಶ್ಚಾತ್ಯ ಪದ್ಧತಿಯನ್ನು ಕಲಿಯಬೇಕೆಂಬ ಅವಳ ಆಸೆಗೆ ಮನೆಯಲ್ಲಿ ಒಪ್ಪಿಗೆ ದೊರೆತಿರಲಿಲ್ಲ. 'ನಮ್ಮದಲ್ಲದ ವಿದ್ಯೆ ಏತಕ್ಕೆ?' ಎಂದವನು ನಾನೇ.

ಆ ಸಂಜೆ ಅಲ್ಲಿನ ವಿದ್ಯಾರ್ಥಿಗಳ ಸಾಯಿ ಸಿಂಫನಿ ಆರ್ಕೆಸ್ಟ್ರಾದ ವಾದನ ಕೇಳಿದೆವು. ಹೈಡನ್, ಮೊಟ್ಸಾರ್ಟ್, ಬೀಥೋವನ್ ಮೊದಲಾದವರು ಜರ್ಮನ್ ಭಾಷೆಯ ನಾಡುಗಳಲ್ಲಿ ಬೆಳೆಸಿದ ವಾದ್ಯವೃಂದದ ಪದ್ಧತಿಯಿದು. ನಮ್ಮ ಕಚೇರಿಯಲ್ಲಿ ಪಿಟೀಲು ಗಾಯಕನನ್ನು ಅನುಸರಿಸುತ್ತದೆ. ಇಲ್ಲಿ ಪಿಟೀಲಿಗೊಂದು, ಕೊಳಲಿಗೊಂದು, ಮಂದ್ರದ ಚೆಲ್ಲೋವಿಗೊಂದು ಬೇರೆ ಬೇರೆ ಸ್ವರಸಾಲು. ಎಲ್ಲವೂ ನಿರ್ದೇಶಕನ ಕೈಸನ್ನೆಗೆ ಒಂದಾಗುತ್ತವೆ. ಮೊದಲು ನನಗೆ ಗದ್ದಲವೆನಿಸಿದ್ದು ನಿಜ. ರೇಷ್ಮೆನೂಲು ಬಿಚ್ಚಾಣಿಕೆಯ ಅಳಿಯನೇ ಮೆಲ್ಲನೆ ಹೇಳಿದರು: "ಏಳೆಂಟು ಗೂಡಿನ ಎಳೆ ಸೇರಿದರೇನೇ ಒಂದು ನೂಲು, ಮಾವ."

ಹಿಂದಿರುಗುವ ದಾರಿಯಲ್ಲಿ ನನಗೆ ಮೈಸೂರು ನೆನಪಾಯಿತು. ತೊಂಬತ್ತನಾಲ್ಕು ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ಜರ್ಮನ್ ಸಂಗೀತದ ಮಹಾಪ್ರೇಮಿಗಳೂ ಆಗಿದ್ದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ, ತಮ್ಮ ಎಂಬತ್ತನಾಲ್ಕರ ಇಳಿವಯಸ್ಸಿನಲ್ಲಿ, ವಾದ್ಯವೃಂದಕ್ಕಾಗಿ ನಾಲ್ಕು ಗೀತೆಗಳನ್ನು ರಚಿಸಿ, ಅವನ್ನು ವೇದಿಕೆಯಲ್ಲಿ ಕೇಳದೆಯೇ ಮರುವರ್ಷ ತೀರಿಕೊಂಡರು. ಮೂರರ ಸಾಹಿತ್ಯ ಹರ್ಮನ್ ಹೆಸ್ಸೆಯವರದು. (ಅವರ ತಾಯಿ ಹುಟ್ಟಿದ್ದು ನಮ್ಮ ನೆರೆಯ ತಲಶ್ಶೇರಿಯಲ್ಲಿ!) ಆ ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲಬಾರಿ ಕೇಳಿಬಂದುದು ಒಡೆಯರು ವೆಚ್ಚಕ್ಕೆ 4,800 ಡಾಲರುಗಳ ಭರವಸೆ ನೀಡಿದ್ದರಿಂದ. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು. ಫುರ್ಟ್‌ವೆಂಗ್ಲರ್ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದರು. ಹೋಗಲಾಗದ ಮಹಾರಾಜರಿಗಾಗಿ ಆ ಕಚೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳುಹಿಸಿದರು.

ಇದನ್ನು ಹೇಳುತ್ತಿದ್ದಂತೆ ಮೊಮ್ಮಗಳು, "ಹಾಗಾದರೆ ಮಹಾರಾಜರಿಗೆ ಎರಡೂ ನಮ್ಮದೇ ಆಗಿತ್ತಲ್ಲವೇ ತಾತ?" ಎಂದಳು. ನಾನು ಕಿಟಕಿಯಾಚೆ ನೋಡಿದೆ. ಇಕ್ಕೆಲದಲ್ಲಿ ಹಿಪ್ಪುನೇರಳೆ ತೋಟಗಳು ಕತ್ತಲಲ್ಲಿ ಮುಳುಗುತ್ತಿದ್ದವು.

ಶಿಡ್ಲಘಟ್ಟದಲ್ಲಿ ಇಳಿಯುವಾಗ ಅಳಿಯ ಮಗಳನ್ನು ವಿಚಾರಿಸುತ್ತಿದ್ದರು: "ಆ ಮೇಷ್ಟ್ರು ವಾರದಲ್ಲಿ ಎಷ್ಟು ದಿನ ಪಾಠ ಹೇಳುತ್ತಾರಂತೆ?"